ಗೆರೆಯಾಚೆಯ ಬಾಚಣಿಗೆ

"ಅಮ್ಮಾ, ಆ ಕಾಲು ಸ್ವಲ್ಪ ಈ ಕಡೆ ಎಳ್ಕೊಳ್ಳಿ. ಕಾಲು ಇಟಲಿಲಿ, ತಲೆ ಸ್ಲೊವೇನಿಯಾದಲ್ಲಿ ಅಂದ್ರೆ ಹೇಗೆ?"

ಹೀಗೆ ಛೇಡಿಸಿದವನು ರೈಲು ನಿಲ್ದಾಣದ ಕಾಫಿ ಅಂಗಡಿಯ ಯಾಂಕೊ. ಅವನ ಕೈಯಲ್ಲಿ ಬಿಸಿನೀರಿನ ಜಗ್ಗು. ಕುರ್ಚಿಯಲ್ಲಿ ಹೆಗಲಿಗೆ ಟವೆಲ್ ಹೊದ್ದು ಕೂತಿರುವವರು ನೆರೀನಾ ಬ್ರೆಸ್ಸಾನ್, ತೊಂಬತ್ತರ ಹತ್ತಿರದ ಅಜ್ಜಿ.

"ಇರಲಿ ಬಿಡಪ್ಪ. ಆ ಕಾಲಿನ ಕೂದಲು ಕತ್ತರಿಸು ಅಂತ ನಾನು ಯಾರಿಗೂ ಹೇಳಿಲ್ಲ."

ಶನಿವಾರದ ಬೆಳಗು. ನಮ್ಮ ಚೌಕದ ನಡುವೆ ಹಾದುಹೋಗುವ ಕಲ್ಲಿನ ಗೆರೆಯ ಆ ಕಡೆ ಇಟಲಿಯ ಗೊರಿತ್ಸಿಯಾ, ಈ ಕಡೆ ಸ್ಲೊವೇನಿಯಾದ ನೋವಾ ಗೊರಿತ್ಸಾ. ಈ ಕಡೆಯ ಅಂಚಿನಲ್ಲಿ ನಿಂತು ಅಜ್ಜಿಯ ಬಿಳಿ ಕೂದಲಿಗೆ ಸುರುಳಿ ಸುತ್ತುತ್ತಿರುವವರು ಸವಿನಾ ಕೊಮೆಲ್. ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡೇ ಮಾತಾಡುತ್ತಾರೆ, ಒಂದಕ್ಷರವೂ ತಪ್ಪುವುದಿಲ್ಲ. ಭಾನುವಾರ ಚರ್ಚಿಗೆ ಕೂದಲು ಕೆದರಿಕೊಂಡು ಹೋಗುವ ಅಜ್ಜಿ ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಸವಿನಾಗೆ ಶನಿವಾರವೆಂದರೆ ಉಸಿರಾಡಲು ಪುರುಸೊತ್ತಿಲ್ಲದ ದಿನ. ಮಧ್ಯಾಹ್ನದೊಳಗೆ ಏಳೆಂಟು ತಲೆ.

ಬಯಲಲ್ಲಿ ಯಾಕೆ ಈ ಕಸುಬು? ಸವಿನಾರ ಸ್ವಂತ ಅಂಗಡಿ ಇರುವುದು ನೋವಾ ಗೊರಿತ್ಸಾದ ಇನ್ನೊಂದು ತುದಿಯಲ್ಲಿ. ನೆರೀನಾ ಅಜ್ಜಿ ಸೊಂಟ ಮುರಿದುಕೊಂಡ ಮೇಲೆ ಅಷ್ಟು ದೂರ ನಡೆಯಲಾರರು, ಮನೆಯೆದುರಿನ ಈ ಚೌಕದವರೆಗೆ ಮಾತ್ರ ಬರಬಲ್ಲರು. ಮೊದಲೆಲ್ಲ ಸವಿನಾ ತಾವೇ ಕತ್ತರಿ ಹಿಡಿದು ಗೆರೆ ದಾಟಿ ಆ ಕಡೆಯ ಅಜ್ಜಿಯರ ಮನೆಗೆ ಹೋಗುತ್ತಿದ್ದರು. ಯುರೋಪಿನ ಕಾನೂನು ಅದಕ್ಕೆ ಅಡ್ಡಿ ಬರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಬಂದು ಕೆಲಸ ಮಾಡಿ ಹೋಗುವವರು ಮೊದಲೇ ತಿಳಿಸಿದರೆ ಸಾಕು. ನೆಲೆ ಊರಿ ಅಂಗಡಿ ಇಡುವವರ ದಾರಿ ಬೇರೆ, ಅದಕ್ಕೆ ಆ ದೇಶದ ಅನುಮತಿ ಬೇಕು.

ಸವಿನಾ ಎಡವಿದ್ದು ಇಲ್ಲೇ. ಅಜ್ಜಿಯರ ಮಹಡಿ ಹತ್ತಿ ಹತ್ತಿ ಮಂಡಿ ಸೋತಾಗ ಆ ಕಡೆಯೇ, ನೆರೀನಾ ಅಜ್ಜಿಯ ಕಟ್ಟಡದ ಕೆಳಗೆ ಒಂದು ಕೋಣೆ ಬಾಡಿಗೆಗೆ ಹಿಡಿದರು. ಕನ್ನಡಿ ತಂದರು, ಕೂದಲೊಣಗಿಸುವ ಯಂತ್ರ ತಂದರು. ನಮ್ಮೂರಿನ ಮರ್ಯಾದೆಯಂತೆ ಬಾಗಿಲಿಗೆ ಎರಡೂ ಭಾಷೆಯಲ್ಲಿ ಹೆಸರಿನ ಹಲಗೆ ತೂಗುಹಾಕಿದರು, ಅದರ ಕೆಳಗೆ ತೆರೆಯುವ ವೇಳೆಯನ್ನೂ ಬರೆಸಿದರು.

"ಹೆಸರು ಹಾಕದೆ ಒಳಗೆ ಕೂತ್ರೆ ಕಳ್ಳಿ ಥರ ಕಾಣಲ್ವಾ ಅಂದ್ಕೊಂಡೆ," ಎಂದು ಸವಿನಾ ನಗುತ್ತಾರೆ. "ಆ ಹಲಗೇನೇ ನನ್ನನ್ನ ಹಿಡ್ಕೊಡ್ತು ನೋಡಿ."

ದೂರು ಕೊಟ್ಟವರು ಆ ಕಡೆಯ ಕ್ಷೌರಿಕರ ಸಂಘದ ಅಧ್ಯಕ್ಷ ಎಲ್ವಿಯೊ ಮೆದೆಯೊತ್. ಅವರನ್ನೂ ಮಾತಾಡಿಸಿದೆ. "ಆಕೆ ಕೈಗುಣದ ಮೇಲೆ ನನ್ನ ತಕರಾರಿಲ್ಲ ರೀ. ನಾನು ಪರೀಕ್ಷೆ ಪಾಸು ಮಾಡಿ ಅಂಗಡಿ ಇಟ್ಟೋನು. ಬಾಗಿಲಿಗೆ ಹೆಸರು, ಹೆಸರಿನ ಕೆಳಗೆ ವೇಳೆ! ಇದು ಬಂದು ಹೋಗೋರ ಲಕ್ಷಣಾನಾ, ನೀವೇ ಹೇಳಿ." ನ್ಯಾಯವಾದ ಮಾತೇ.

ಪುರಸಭೆಯ ಹೆಣ್ಣುಮಗಳು ಸುಲಭದ ದಾರಿ ತೋರಿಸಿದ್ದಳಂತೆ: ಹಲಗೆ ತೆಗೆದುಬಿಡಿ, ಕೋಣೆ ಬಿಡಿ, ಅಪರೂಪಕ್ಕೆ ಬಂದು ಹೋಗಿ. ಸವಿನಾ ಒಪ್ಪಲಿಲ್ಲ. "ಕೂದಲು ಅಪರೂಪಕ್ಕೆ ಬೆಳೆಯುತ್ತೇನಮ್ಮಾ? ನಾನು ವಾರ ವಾರ ಬರೋಳು. ಬರೋಳೇ ಅಂತ ಬರೆದ್ಕೊಳ್ಳಿ" ಎಂದು ನೆಲೆ ಊರುವ ಅರ್ಜಿಯನ್ನೇ ಹಾಕಿದರು. ಸ್ವಂತ ಅಂಗಡಿ ನಡೆಸಿದ ವರ್ಷಗಳನ್ನೇ ಪರೀಕ್ಷೆಯ ಬದಲಿಗೆ ಲೆಕ್ಕ ಹಿಡಿಯಲು ಕಾನೂನಿನಲ್ಲಿ ಅವಕಾಶವಿದೆ. ಉತ್ತರ ಬರುವವರೆಗೆ ಮಾತ್ರ ಕೋಣೆಗೆ ಬೀಗ. ಸವಿನಾ ಕತ್ತರಿ ಹಿಡಿದು ಗೆರೆ ದಾಟುವಂತಿಲ್ಲ. ಗಿರಾಕಿ ಗೆರೆ ದಾಟಿ ಬಂದರೆ ಕೇಳುವವರಿಲ್ಲ. ಅದಕ್ಕೇ ಈ ಚೌಕದ ಕುರ್ಚಿ.

ಕಸುಬು ಅವರಿಗೆ ಹೊಸದಲ್ಲ. ಸೋಫಾ ಕಾರ್ಖಾನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ತಾಯಿ ಸಂಜೆ ಅಡುಗೆಮನೆಯಲ್ಲಿ ನೆರೆಯವರ ಕೂದಲು ಕತ್ತರಿಸುತ್ತಿದ್ದರು, ಮಗಳು ನೋಡಿ ಕಲಿತಳು. ಆಗ ಇಲ್ಲಿ ಬೇಲಿ ಇತ್ತು, ಕಾವಲಿತ್ತು. ಆ ಕಡೆಯ ಹೆಂಗಸರು ಇಲ್ಲಿ ಅಗ್ಗವೆಂದು ಪೆಟ್ರೋಲು, ಮಾಂಸ ಕೊಳ್ಳಲು ಬಂದವರು ಕೂದಲು ಗುಂಗುರು ಮಾಡಿಸಿಕೊಂಡೇ ಮರಳುತ್ತಿದ್ದರು. ನೆರೀನಾ ಅಜ್ಜಿ ಸವಿನಾರ ತಾಯಿಗೇ ತಲೆ ಕೊಟ್ಟವರು. ಇಷ್ಟು ವರ್ಷ ನಿಂತು ನಿಂತು ಸವಿನಾರ ಕಾಲಿನ ನರ ಉಬ್ಬಿವೆ, ಬೆರಳ ಸಂದಿಯಲ್ಲಿ ಬಣ್ಣದ ಕಲೆ ಕಾಯಂ ಆಗಿದೆ.

"ಪುರಸಭೆಯವರು ಇಲ್ಲ ಅಂದುಬಿಟ್ರೆ?" ಎಂದು ಕೇಳಿದೆ. ಆಗ ಮಾತ್ರ ಪಿನ್ನುಗಳನ್ನು ಬಾಯಿಂದ ತೆಗೆದರು.

"ಚಳಿಗಾಲದ ಬೋರಾ ಗಾಳಿ ಶುರುವಾದ್ರೆ ಈ ಚೌಕದಲ್ಲಿ ಬೆಕ್ಕೂ ನಿಲ್ಲಲ್ಲ. ಒದ್ದೆ ತಲೆ ಅಜ್ಜೀನ ಹೇಗೆ ಕೂರಿಸ್ಲಿ? ಇವರು ಕೂದಲು ಬಿಟ್ಟುಬಿಟ್ರೆ ಚರ್ಚು ಬಿಡ್ತಾರೆ, ಚರ್ಚು ಬಿಟ್ರೆ ಮನೆಯಿಂದ ಆಚೆಗೇ ಬರಲ್ಲ."

"ಗುಸುಗುಸು ಬೇಡ, ನನಗೆ ಕೇಳಿಸ್ತಿದೆ," ಅಂದರು ನೆರೀನಾ ಅಜ್ಜಿ.

ಬೋರಾ ಮುಂದಿನ ಗುರುವಾರವೇ ಬೀಸಿತು. ಶುಕ್ರವಾರ ಪುರಸಭೆಯಿಂದ ಫೋನು: ಪರೀಕ್ಷೆ ಬೇಕಿಲ್ಲ, ಕೋಣೆ ತೆರೆಯಬಹುದು. ಶನಿವಾರ ನಾನು ಹೋಗುವ ಹೊತ್ತಿಗೆ ಕೋಣೆಯೊಳಗೆ ಕಾಫಿಯ ಘಮ, ಬೆಂಚಿನ ಮೇಲೆ ಮೂವರು ಅಜ್ಜಿಯರು, ಯಂತ್ರದ ಕೆಳಗೆ ನೆರೀನಾ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಒಳಬಂದವರು ಎಲ್ವಿಯೊ ಮೆದೆಯೊತ್. 

"ಮುಂದಿನ ಶನಿವಾರ ಜಾಗ ಇದೆಯಾ?"

"ನಿಮಗಾ?"

"ನನಗೆ ಕೂದಲೆಲ್ಲಿದೆ ತಾಯಿ? ನನ್ನ ಹೆಂಡ್ತಿಗೆ. ಬಣ್ಣ ಹಾಕ್ಸೋಕೆ."

"ಆರು ವರ್ಷದಿಂದ ನಮ್ಮ ಕಡೆ ಅಂಗಡಿಗೆ ಬರ್ತಾನೇ ಇದ್ದಾರಲ್ಲ!"

"ಅಕ್ಕನ ಮನೆಗೆ ಅಂತಿದ್ದಳು." ಎಲ್ವಿಯೊ ಟೋಪಿ ತೆಗೆದು ಬೋಳುತಲೆ ಸವರಿಕೊಂಡರು. ಬೆಂಚಿನ ಅಜ್ಜಿಯರು ಬಿದ್ದು ಬಿದ್ದು ನಕ್ಕರು. ಹತ್ತು ಗಂಟೆಗೆ ಎಂದು ಹೇಳಿಸಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. "ಸಂಘಕ್ಕೆ ಸೇರ್ಕೊಳ್ಳಿ. ಇನ್ನು ನೀವೂ ನಮ್ಮೋರೇ ತಾನೆ."

"ಸೇರ್ತೀನಿ. ಆದರೆ ನಾಳೆ ಇನ್ಯಾರಾದ್ರೂ ಆ ಕಡೆಯಿಂದ ಬಂದ್ರೆ ದೂರು ಬರೆಯೋಕೆ ನನ್ನ ಕರೀಬೇಡಿ."

ಇನ್ನೇನು ಆಸೆ ಎಂದು ಸವಿನಾರನ್ನು ಕೇಳಿದೆ. "ಈ ಚಳಿಗಾಲ ಒಬ್ಬ ಅಜ್ಜಿಗೂ ನೆಗಡಿ ಆಗದಿದ್ರೆ ಸಾಕು," ಎಂದರು.

ನೆರೀನಾ ಅಜ್ಜಿಯಿಂದ ಮಾತೇ ಇಲ್ಲವಲ್ಲ ಎಂದು ತಿರುಗಿ ನೋಡಿದೆವು. ಬಾಯಿ ತುಸು ತೆರೆದು, ಕೈಗಳನ್ನು ಮಡಿಲಲ್ಲಿ ಬಿಟ್ಟು, ಬೆಚ್ಚಗೆ ನಿದ್ದೆ ಹೋಗಿದ್ದರು. ಸವಿನಾ ಸದ್ದಾಗದಂತೆ ಹೋಗಿ ಯಂತ್ರದ ಕಾವು ಒಂದು ಹಂತ ಇಳಿಸಿದರು.