ಮೀನು ಆಗದ ಮಗು, ಮೀನಿನ ಮನೆ

ಮಗಳಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಕೆನ್ನೆ ಕೆಂಪಾಯಿತು. ನೋಡಿದವರೆಲ್ಲ ಎಷ್ಟು ಚೆಂದದ ಬಣ್ಣ ಎಂದರು. ಮರುತಿಂಗಳು ಆ ಕೆನ್ನೆ ಒಡೆದು ನೀರು ಸೋರತೊಡಗಿದಾಗ ಅದೇ ಜನ ತಮ್ಮ ಮಕ್ಕಳನ್ನು ಆಚೆ ಎಳೆದುಕೊಂಡರು. ಕುತ್ತಿಗೆ, ಮೊಣಕೈಯ ಮಡಿಕೆ, ಮಂಡಿಯ ಹಿಂಭಾಗ, ಎಲ್ಲಿ ನೋಡಿದರೂ ಹಸಿ ಗಾಯ. ಕೆರೆದುಕೊಳ್ಳದಿರಲೆಂದು ಕೈಗಳಿಗೆ ಕಾಲುಚೀಲ ಹಾಕಿದೆ. ಆಗ ಮಗು ಮುಖವನ್ನು ನನ್ನ ಭುಜಕ್ಕೆ ಉಜ್ಜಿ ಉಜ್ಜಿ ತುರಿಕೆ ತೀರಿಸಿಕೊಳ್ಳುತ್ತಿತ್ತು. ನನ್ನ ರವಿಕೆಗಳ ಭುಜದ ಮೇಲೆಲ್ಲ ರಕ್ತದ ಚುಕ್ಕೆ.

ನಮ್ಮ ಮನೆ ಬೈಂದೂರಿನ ಕಡಲ ಬದಿಯಲ್ಲಿ. ಗಂಡ ದೋಣಿಗೆ ಹೋಗುವವರು, ಅತ್ತೆ ಪೇಟೆಯಲ್ಲಿ ಮೀನು ಮಾರುವವರು. ಚರ್ಮದ ಡಾಕ್ಟರರನ್ನು ಕಾಣಲು ಕುಂದಾಪುರಕ್ಕೆ ಬಸ್ಸು ಹತ್ತಬೇಕು. ಆದರೆ ಬಸ್ಸಿನಲ್ಲಿಯೇ ಡಾಕ್ಟರುಗಳಿಗೆ ಬರವಿರಲಿಲ್ಲ. ಒಂದು ಸಲ ಹಿಂದಿನ ಸೀಟಿನ ಹೆಂಗಸು ಮುಂದಕ್ಕೆ ಬಾಗಿ ಕೇಳಿದಳು.

"ಹ್ವಾಯ್, ಮಗಿಗೆ ಎಂತ ಆಯ್ತ್? ಬಸ್ರಿ ಇಪ್ಪತಿಗೆ ನೀನ್ ಎಂತೆಲ್ಲ ತಿಂದಿದ್ದೆ?"

ಸೀಗಡಿ ತಿಂದಿದ್ದೆ ಎಂದೆ. ಕಳ್ಳನನ್ನು ಹಿಡಿದ ಪೊಲೀಸರ ಹಾಗೆ ತಲೆಯಾಡಿಸಿದಳು. ಅವಳ ಪಕ್ಕದವಳಿಗೆ ಈ ತೀರ್ಪು ಒಪ್ಪಿಗೆಯಾಗಲಿಲ್ಲ. ಸೀಗಡಿಯಲ್ಲ, ಇದು ನಾಗನ ದೋಷ ಎಂದಳು. ಕುಂದಾಪುರ ಬರುವವರೆಗೆ ಅವರಿಬ್ಬರೂ ಸೀಗಡಿಗೂ ನಾಗನಿಗೂ ವಾದ ಮಾಡಿದರು. ಇಳಿಯುವಾಗ ಮಗುವನ್ನು ಹಿಡಿದುಕೊಳ್ಳಲು ಮಾತ್ರ ಇಬ್ಬರೂ ಕೈ ನೀಡಲಿಲ್ಲ.

ಹಾಗಂತ ನಾನೇನು ಜಾಣೆಯಾಗಿರಲಿಲ್ಲ. ಇದು ಎಕ್ಸಿಮಾ, ಅಂಟುವ ಕಾಯಿಲೆಯಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿ ಮುಲಾಮು ಕೊಟ್ಟಿದ್ದರು. ಮಗುವನ್ನು ಮೀಯಿಸಿದ ಮೇಲೆ ಮೈಯ ಪಸೆ ಆರುವ ಮೊದಲೇ ಕ್ರೀಮು ಹಚ್ಚಬೇಕು ಎಂದಿದ್ದರು. ಐದನೆಯ ದಿನ ಗಂಡನ ಮೊಬೈಲಿಗೆ, ಇಂಥ ಮುಲಾಮಿನಿಂದ ಚರ್ಮ ಕರಗಿಹೋಗುತ್ತದೆ ಎಂಬ ಸಂದೇಶ ಬಂತು. ಕಳುಹಿಸಿದವರು ದೋಣಿಯ ಎಂಜಿನ್ ರಿಪೇರಿ ಮಾಡುವವರು. ನಾನು ಡಾಕ್ಟರಮ್ಮನನ್ನು ಬಿಟ್ಟು ಎಂಜಿನ್ನಿನವರನ್ನು ನಂಬಿದೆ. ಬ್ರಹ್ಮಾವರದ ತವರಿನಿಂದ ಅಮ್ಮ ಕಳುಹಿಸಿದ ಬೇವಿನ ಸೊಪ್ಪನ್ನು ಅರಿಶಿನದೊಂದಿಗೆ ಅರೆದು, ಮನೆಮದ್ದು ಎಂಬ ಹೆಮ್ಮೆಯಿಂದ ಹಸಿ ಗಾಯಕ್ಕೆ ಮೆತ್ತಿದೆ. ಮಗು ಉಸಿರು ಕಟ್ಟಿ ಅತ್ತಿತು. ಮೂರು ದಿನಕ್ಕೆ ಗಾಯಗಳಲ್ಲಿ ಕೀವು ತುಂಬಿತು.

ಡಾಕ್ಟರಮ್ಮ ಬೈಯಲಿಲ್ಲ. "ಯಾರ್ ಹೇಳಿದ್ ಇದನ್ನ್ ಹಚ್ಚುಕೆ?" ಎಂದು ಕೇಳಿದರು.

"ಎಲ್ಲರೂ ಹೇಳಿದ್ರ್."

"ಮುಂದಿನ ಸಲ ಅವರನ್ನೂ ಕರ್ಕಂಡ್ ಬನ್ನಿ. ನಾನೂ ಒಂಚೂರ್ ಕಲ್ತ್ಕಂತೆ."

ಎಂಟನೆಯ ತಿಂಗಳಲ್ಲಿ ಮೊಟ್ಟೆಯ ತುಣುಕು ಕೊಟ್ಟಾಗ ಬಾಯಿಯ ಸುತ್ತ ದದ್ದು ಎದ್ದು ವಾಂತಿಯಾಯಿತು. ರಕ್ತಪರೀಕ್ಷೆ ಮಾಡಿಸಿದರು. ಮೊಟ್ಟೆ ಆಗುವುದಿಲ್ಲ, ಮೀನೂ ಆಗುವುದಿಲ್ಲ. ಮೀನು ಮುಟ್ಟಿದ ಕೈಯನ್ನು ತೊಳೆಯದೆ ಮಗುವನ್ನು ಎತ್ತಬೇಡಿ ಎಂದರು. ಇದನ್ನು ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಗಂಡನಿಗೆ ಅವತ್ತೇ ಬಲೆ ಹೊಲಿಯುವ ಕೆಲಸ ತುಂಬ ಇತ್ತು.

"ಮೀನ್ ಆಪುದಿಲ್ಯಾ? ನಮ್ಮನಿ ಮಗಿಗಾ?" ಅತ್ತೆ ನನ್ನನ್ನೇ ದಿಟ್ಟಿಸಿದರು. "ಇದೇ ಕೈಯಗೆ ಮೀನ್ ಮಾರಿ ನಾಲ್ಕ್ ಮಕ್ಳನ್ನ್ ಸಾಕಿದೆ. ಒಬ್ರಿಗೂ ಎಂತದೂ ಆಯ್ಲಿಲ್ಲ."

ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟರು. ಹೇಳಬೇಕಾದ್ದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದರು. "ನೀನಾದ್ರೂ ಹತ್ರ ಬಾ. ನಿಂಗೆ ನನ್ನ ಕೈ ವಾಸ್ನಿ ಆತ್ತಲ್ಲ."

ಮಗುವಿಗೆ ಹನ್ನೊಂದು ತಿಂಗಳಾದಾಗ ಬ್ರಹ್ಮಾವರದಲ್ಲಿ ಅತ್ತೆಯ ಅಕ್ಕನ ಮನೆಯಲ್ಲಿ ಊಟವಿತ್ತು. ಈ ದೊಡ್ಡತ್ತೆಗೆ ನಮ್ಮ ಪಥ್ಯದ ಕತೆಯೆಲ್ಲ ಸೊಸೆಯ ಸೋಗು. ನಾನು ಕೈ ತೊಳೆಯಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಬೆರಳನ್ನು ಬಂಗುಡೆ ಮೀನಿನ ಸಾರಿಗೆ ಅದ್ದಿ ಮಗುವಿನ ಬಾಯಿಗಿಟ್ಟಿದ್ದರು. ನೋಡನೋಡುತ್ತ ತುಟಿ ಊದಿತು, ಹೊಟ್ಟೆಯ ತುಂಬ ದದ್ದುಗಳೆದ್ದವು. ಮಗು ಕೆಮ್ಮತೊಡಗಿತು. ಉಸಿರಿನಲ್ಲಿ ಸೀಟಿ ಊದಿದಂಥ ಸದ್ದು.

ಅತ್ತೆ ಊಟದ ಎಲೆಯಿಂದ ಎದ್ದು ಓಡಿಬಂದವರು ಮಗುವಿನ ಮುಂದೆ ಗಕ್ಕನೆ ನಿಂತರು. ಕೈಯಲ್ಲಿ ಮೀನುಸಾರಿನ ಅನ್ನ. ಎರಡೂ ಕೈಗಳನ್ನು ಬೆನ್ನ ಹಿಂದೆ ಸರಿಸಿಕೊಂಡು, "ನಾನ್ ಮುಟ್ಟುದಿಲ್ಲೆ. ನೀನ್ ಎತ್ಕೋ ಮಾರಾಯ್ತಿ, ಬೇಗ ಎತ್ಕೋ" ಎಂದರು. ನಾನು ಎತ್ತಿಕೊಳ್ಳುವಷ್ಟರಲ್ಲಿ ಬರಿಗಾಲಲ್ಲಿ ರಸ್ತೆಗೆ ಓಡಿ, ಅಡ್ಡ ನಿಂತು ರಿಕ್ಷಾ ನಿಲ್ಲಿಸಿದ್ದರು.

ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಸೀಟಿಯ ಸದ್ದು ನಿಂತು ಮಗು ನನ್ನ ಸರವನ್ನು ಹಿಡಿದು ಎಳೆಯಿತು. ಅತ್ತೆ ಕೂತಿದ್ದ ಬೆಂಚಿನ ಮೇಲೆ ಕೂತೆ. ಅಷ್ಟರಲ್ಲಿ ದೊಡ್ಡತ್ತೆ ಫ್ಲಾಸ್ಕಿನಲ್ಲಿ ಚಾ ಹಿಡಿದುಕೊಂಡು ಬಂದರು.

"ಬೆರಳ್ ತುದೀಲಿ ಒಂಚೂರ್ ಕೊಟ್ಟದ್ ಮಾರಾಯ್ತಿ. ಅಷ್ಟಕ್ಕೇ ಹೀಂಗಾತ್ತ್ ಅಂದ್ರೆ ಈ ಮಗು ಮುಂದೆ ಬದ್ಕುದ್ ಹ್ಯಾಂಗೆ?"

ಅತ್ತೆ ತಲೆಯೆತ್ತಿದರು. "ಬದ್ಕತ್ತ್ ಅಕ್ಕ. ನೀನ್ ದೂರ ಇದ್ರೆ ಬದ್ಕತ್ತ್."

ಆಮೇಲೆ ಮನೆಯಲ್ಲಿ ಹೊಸ ಆಡಳಿತ ಶುರುವಾಯಿತು. ಮೀನು ಬೇಯಿಸುವುದೂ ತಿನ್ನುವುದೂ ಹಿತ್ತಲ ಕೊಟ್ಟಿಗೆಯಲ್ಲಿ. ಪೇಟೆಯಿಂದ ಬಂದ ಅತ್ತೆ ಬಾವಿಕಟ್ಟೆಯಲ್ಲಿ ಮಿಂದು ಸೀರೆ ಬದಲಿಸದೆ ಒಳಗೆ ಕಾಲಿಡುವುದಿಲ್ಲ. ಗಂಡ ಒಮ್ಮೆ ಕೈ ತೊಳೆಯಲು ಮರೆತಾಗ ಅವರ ಊಟ ಎರಡು ದಿನ ಜಗಲಿಗೇ ಬಂತು. ಅತ್ತೆ ನನ್ನನ್ನೂ ಬಿಡಲಿಲ್ಲ. ಬಿಸ್ಕತ್ತಿನ ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ನನ್ನಿಂದ ಎರಡೆರಡು ಸಲ ಓದಿಸುತ್ತಾರೆ, ನಾನು ಸುಳ್ಳು ಓದುತ್ತೇನೇನೋ ಎಂಬ ಹಾಗೆ. ಅಂಗನವಾಡಿಯಲ್ಲಿ ಮೊಟ್ಟೆ ಕೊಡುವ ದಿನ ಬಾಗಿಲಲ್ಲೇ ಕೂತಿರುತ್ತಾರೆ. ಟೀಚರು ಅವರಿಗೊಂದು ಕುರ್ಚಿಯನ್ನೇ ಹಾಕಿಬಿಟ್ಟಿದ್ದಾರೆ.

ಮಗಳಿಗೀಗ ಮೂರು ವರ್ಷ ದಾಟಿದೆ. ಆಸ್ಪತ್ರೆಯಲ್ಲಿ ಡಾಕ್ಟರ ಕಣ್ಣೆದುರೇ ತಿನ್ನಿಸಿ ನೋಡಿದ ಮೇಲೆ, ಮೊಟ್ಟೆ ಹಾಕಿ ಬೇಯಿಸಿದ ಕೇಕು ಆಗುತ್ತದೆ ಎಂದು ಗೊತ್ತಾಗಿದೆ. ಮೀನು ಇನ್ನೂ ಆಗುವುದಿಲ್ಲ. ಕೆನ್ನೆ ತಿಳಿಯಾಗಿದೆ. ಬೇಸಿಗೆಯ ಬೆವರಿಗೆ ಮಾತ್ರ ಮಂಡಿಯ ಹಿಂದೆ ತುರಿಕೆ ಕೆರಳುತ್ತದೆ.

ಕಳೆದ ತಿಂಗಳು ಒಂದು ಮದುವೆಯಲ್ಲಿ ದೊಡ್ಡತ್ತೆ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು, ಶಂಕರನಾರಾಯಣದ ದೇವಸ್ಥಾನದಲ್ಲಿ ತಾನು ಹೇಳಿಕೊಂಡ ಹರಕೆಯಿಂದಲೇ ಮಗು ಗುಣವಾದದ್ದು ಎಂದು ವಿವರಿಸುತ್ತಿದ್ದರು. ಹೆಂಗಸರು ಹೌದಾ ಎಂಬಂತೆ ನನ್ನ ಕಡೆ ನೋಡಿದರು. ಮಗಳು ಬಂದು ಲಂಗ ಎತ್ತಿ ಮಂಡಿಯ ಹಿಂದೆ ತೋರಿಸಿದಳು. ನಾನು ಚೀಲದಿಂದ ಮುಲಾಮಿನ ಟ್ಯೂಬು ತೆಗೆದು, ಅವರೆಲ್ಲರ ಎದುರಿಗೇ, ನಿಧಾನವಾಗಿ ಹಚ್ಚತೊಡಗಿದೆ.