ಗಾಲಿಯ ಕೆಳಗಿನ ಒದ್ದೆ ಕಲೆ

ಇದನ್ನು ಬರೆಯುತ್ತಿರುವಾಗಲೂ ನನ್ನ ಬಲಗಾಲು ಟೇಬಲ್ಲಿನ ಕೆಳಗೆ ನೆಲವನ್ನು ಒತ್ತುತ್ತಿದೆ. ಬೇಡ ಎಂದರೂ ಕೇಳುವುದಿಲ್ಲ. ಬುಧವಾರದಿಂದ ಅದಕ್ಕೆ ಇದೇ ಚಟ.

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಅವಸರ ಮಾಡಿದರೆ ನನಗೆ ಬೇಡವಾದದ್ದನ್ನು ಬಿಟ್ಟುಬಿಡುತ್ತೇನೆ ಎಂಬ ಅನುಮಾನ ನನಗೇ ಇದೆ.

ಬೆಟಗೇರಿಯಲ್ಲಿ ನಮ್ಮ ಕಾರು ಮನೆಯ ಅಂಗಳದಲ್ಲೇ ನಿಲ್ಲುತ್ತದೆ. ಸೆಕೆಂಡ್ ಹ್ಯಾಂಡ್ ಕಾರು, ದೀಪಾವಳಿಗೆ ಕೊಂಡದ್ದು. ದಿನಾ ಬೆಳಿಗ್ಗೆ ನನ್ನ ಹೆಂಡತಿ ಶೋಭಾ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕುತ್ತಾಳೆ. ಆ ಬುಧವಾರಕ್ಕೆ ಹದಿನೈದು ದಿನ ಮೊದಲು ಅವಳು ಖಾಲಿ ಬಕೆಟ್ ಹಿಡಿದು ಒಳಗೆ ಬಂದಳು.

"ಗಾಡಿ ಕೆಳಗ ಏನೋ ಸೋರೇತಿ ನೋಡ್ರಿ. ಮುಂದಿನ ಎಡಗಾಲಿ ಹಂತ್ಯಾಕ."

"ಎಸಿ ನೀರು" ಎಂದೆ. ಪೇಪರಿನಿಂದ ತಲೆ ಎತ್ತಲಿಲ್ಲ.

"ಈ ಥಂಡ್ಯಾಗ ಎಸಿ ಯಾವಾಗ ಹಚ್ಚಿದ್ರಿ?"

"ಹಳೇ ನೀರು ಇಳೀತಿರಬೇಕು" ಎಂದೆ. (ಕಾರಿನ ಬಗ್ಗೆ ನಮಗೆ ಗೊತ್ತಿಲ್ಲ ಎನ್ನುವುದು ಹೆಂಡತಿಗೆ ಗೊತ್ತಾಗಬಾರದು. ಅದಕ್ಕಾಗಿ ನಾವು ಗಂಡಸರು ಏನು ಬೇಕಾದರೂ ಹೇಳುತ್ತೇವೆ.)

ಮರುದಿನವೂ ಹೇಳಿದಳು. ಅದರ ಮರುದಿನವೂ. "ನೀರ ಹೊಡದ್ರ ಹೋಗತೈತಿ, ಮುಂಜಾನೆ ಮತ್ತ ಅಲ್ಲೇ ಇರತೈತಿ. ಮುಟ್ಟಿದ್ರ ಜಾರತೈತಿ. ನೀರಿನಂಗ ಇಲ್ರಿ ಅದು."

ನಾನು ಹೊರಗೆ ಬರುವ ಹೊತ್ತಿಗೆ ಅಂಗಳ ತೊಳೆದು ಸ್ವಚ್ಛವಾಗಿರುತ್ತಿತ್ತು. ಕಾಣದ ಕಲೆಗೆ ಯಾರು ಹೆದರುತ್ತಾರೆ? ಕಡೆಗೆ ಅವಳು ರಂಗೋಲಿಯನ್ನೇ ಎರಡು ಮೊಳ ಆಚೆ ಸರಿಸಿದಳು. ಸಮಸ್ಯೆ ಮುಗಿಯಿತು ಎಂದುಕೊಂಡೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ತಿರುವಿನಲ್ಲಿ ಸ್ಟೇರಿಂಗ್ ಹಿಂದೆ ಒಂದು ಕೆಂಪು ದೀಪ ಹತ್ತಿ ಆರುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದಾಗ ಹತ್ತುವ ದೀಪವೂ ಅದೇ. ಹ್ಯಾಂಡ್‌ಬ್ರೇಕ್ ಒಮ್ಮೆ ಎಳೆದು ಬಿಟ್ಟೆ. ದೀಪ ಆರಿತು. ಮುಂದೆ ಹೋದೆ.

ಬುಧವಾರ ಲಕ್ಷ್ಮೇಶ್ವರದಲ್ಲಿ ತಂಗಿಯ ಮಗಳ ಕುಬಸ, ಅಂದರೆ ಸೀಮಂತ. ಅವ್ವ ಮುಂದೆ, ನನ್ನ ಎಡಕ್ಕೆ. ಶೋಭಾ ಹಿಂದೆ, ತೊಡೆಯ ಮೇಲೆ ಹಸಿರು ಬಳೆಗಳ ತಟ್ಟೆ. ಮುಳಗುಂದ ಹತ್ತಿರ ಬಂದಾಗ ಹೆಣ್ಣುಮಗಳೊಬ್ಬಳು ನೀರಿನ ತಳ್ಳುಗಾಡಿ ದೂಡುತ್ತ ರಸ್ತೆ ದಾಟುತ್ತಿದ್ದಳು. ಆರು ಕೊಡ. ದೂರವಿತ್ತು. ಬ್ರೇಕ್ ಮೇಲೆ ಕಾಲಿಟ್ಟೆ.

ಕಾಲು ಇಳಿಯಿತು. ಇಳಿಯುತ್ತಲೇ ಹೋಯಿತು. ಇನ್ನೊಂದು ಮೆಟ್ಟಿಲಿದೆ ಎಂದು ಕತ್ತಲಲ್ಲಿ ಕಾಲಿಟ್ಟು, ಅಲ್ಲಿ ಏನೂ ಸಿಗದಿದ್ದರೆ ಹೇಗಿರುತ್ತದೆ? ಹಾಗೆ.

ಮತ್ತೆ ಒತ್ತಿದೆ. ಮತ್ತೆ. ಮೂರನೆಯ ಸಲ ಅರೆಬರೆ ಹಿಡಿಯಿತು. ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಅಡ್ಡಕ್ಕೆ ಜಾರಿ ನಿಂತಿತು.

ಇಳಿದು ನೋಡಿದೆ. ಬಂಪರಿಗೂ ತಳ್ಳುಗಾಡಿಗೂ ನಡುವೆ ನನ್ನ ಒಂದು ಗೇಣು. ಅವಳು ಹೆದರಿ ಗಾಡಿಯನ್ನು ಜಗ್ಗಿದ್ದರಿಂದ ಒಂದು ಕೊಡ ಉರುಳಿತ್ತು. ನೀರು ಹರಿದು ಬಂದು ನನ್ನ ಚಪ್ಪಲಿ ತೋಯಿಸಿತು.

"ಏನೋ ಯಣ್ಣಾ, ಬ್ರೇಕ್ ಮನ್ಯಾಗ ಇಟ್ಟ ಬಂದಿಯೇನು?" ಎಂದಳು. ಬೈಗುಳಕ್ಕೆಂದು ಆಡಿದ ಮಾತು. ಆದರೆ ಖರೆ ಮಾತು. ಮನೆಯ ಅಂಗಳದಲ್ಲಿ, ದಿನಕ್ಕಿಷ್ಟು ಎಂದು ಬಿಟ್ಟು ಬಂದಿದ್ದೆ.

ಅವ್ವ ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಹಿಡಿದಿದ್ದಳು. ಬೆರಳು ಬಿಡಿಸಲು ಶೋಭಾ ಇಳಿದು ಬರಬೇಕಾಯಿತು.

ಇಬ್ಬರನ್ನೂ ಬಸ್ ಹತ್ತಿಸಿದೆ. ಬೆಟಗೇರಿಯ ಮೆಕ್ಯಾನಿಕ್ ಖಾದರಸಾಬನಿಗೆ ಫೋನ್ ಮಾಡಿದೆ. ಬೈಕಿನ ಮೇಲೆ ಬಂದ. ಬಂದವನು ಬಾನೆಟ್ ಎತ್ತಲಿಲ್ಲ. ಹಳೆಯ ರಟ್ಟಿನ ಡಬ್ಬಿ ಹರಿದು ನಾಲ್ಕು ಚೂರು ಮಾಡಿ, ನಾಲ್ಕು ಗಾಲಿಗಳ ಕೆಳಗೆ ಒಂದೊಂದು ಇಟ್ಟ.

"ಒಳಗ ಕುಂತು ಬ್ರೇಕ್ ಒತ್ರಿ ಸರ. ಸಾವಕಾಶ."

ಒತ್ತಿದೆ. ಇಳಿದು ಬಂದು ನೋಡಿದರೆ ಮೂರು ಚೂರು ಒಣಗಿದ್ದವು. ಮುಂದಿನ ಎಡಗಾಲಿಯದು ಒದ್ದೆ. ತಿಳಿ ಹಳದಿ. ಅವನು ಬೆರಳಲ್ಲಿ ಉಜ್ಜಿ, ನನ್ನಿಂದಲೂ ಉಜ್ಜಿಸಿದ.

"ನೀರಾದ್ರ ಒಣಗತೈತಿ. ಇಂಜಿನ್ ಆಯಿಲ್ ಕರ್ರಗ ಇರತೈತಿ. ಇದು ಬ್ರೇಕ್ ಆಯಿಲ್ರಿ. ಕಡಿಮಿ ಆದ್ರ ಸ್ಟೇರಿಂಗ್ ಹಿಂದ ಕೆಂಪ ದೀಪ ಹತ್ತತೈತಿ. ಎಷ್ಟ ದಿನದಿಂದ ಸೋರಾಕತ್ತೇತಿ?"

"ಹದಿನೈದ ದಿನ."

"ಮತ್ತ ಏನ್ ಮಾಡಿದ್ರಿ?"

"ರಂಗೋಲಿ ಸರಿಸಿದ್ವಿ."

ನನ್ನ ಮುಖ ನೋಡಿದ. ಜ್ಯಾಕ್ ಹಚ್ಚಿ ಗಾಲಿ ಬಿಚ್ಚಿದ. ಒಳಗೆ ತಲೆ ಹಾಕಿ, ಬೆರಳಿಂದ ಏನನ್ನೋ ತಡವಿದ.

"ಸರ, ಇದನ್ನ ಯಾರ ಕಟ್ಟ್ಯಾರ್ರಿ?"

ಬ್ರೇಕಿಗೆ ಆಯಿಲ್ ಒಯ್ಯುವ ರಬ್ಬರ್ ಪೈಪು. ಅದರ ಸುತ್ತ ಬಿಗಿದ ತೆಳು ಕಬ್ಬಿಣದ ತಂತಿ. ತಂತಿಯಲ್ಲಿ ಕಲ್ಲಿನಂತಾದ ಒಂದು ಲಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ. ಗಾಲಿ ತಿರುಗಿಸಿದಾಗಲೆಲ್ಲ ತಂತಿಯ ಚೂಪು ತುದಿ ರಬ್ಬರನ್ನು ಕೊರೆದಿತ್ತು.

"ಹಳೇ ಮಾಲಕ ಕಟ್ಟಿರಬೇಕು" ಎಂದೆ.

ಖಾದರಸಾಬ ಒಂದು ಮೆಣಸಿನಕಾಯಿ ಮುರಿದು ನೋಡಿದ. "ಇಲ್ರಿ. ವರ್ಷದ್ದಾದ್ರ ಪುಡಿ ಆಗಿರ್ತಿತ್ತು. ಇನ್ನಾ ಕೆಂಪೈತಿ. ಎರಡ ತಿಂಗಳದ್ದು ಇರಬೇಕು."

ಕಾರು ಕೊಂಡು ಎರಡು ತಿಂಗಳು.

ಕಟ್ಟಿದವನು ನಾನೇ. ಕಾರು ಮನೆಗೆ ಬಂದ ದಿನ ಅವ್ವ ಅದನ್ನು ಕೊಟ್ಟು, "ಮುಂದ ಕಟ್ಟು, ಕಣ್ಣ ಬೀಳ್ತಾವು" ಎಂದಿದ್ದಳು. ಲಿಂಬೆ-ಮೆಣಸಿನಕಾಯಿ ಕಟ್ಟುವವರನ್ನು ನಾನು ಇದೇ ಅಂಕಣದಲ್ಲಿ ಗೇಲಿ ಮಾಡಿದ್ದೆ. ನಿಮ್ಮಲ್ಲಿ ಕೆಲವರು ಮೆಚ್ಚಿ ಪತ್ರ ಬರೆದಿದ್ದಿರಿ. ಅಂಥವನ ಕಾರಿನ ಮುಂದೆ ಅದು ತೂಗಾಡಬಹುದೇ?

ಎಸೆಯಬಹುದಿತ್ತಲ್ಲ ಎನ್ನುತ್ತೀರಿ. ಎಸೆಯಲೆಂದು ಮೂಲೆಯ ಕಸದ ಡಬ್ಬಿಯವರೆಗೆ ಹೋದೆ. ಕೈ ಮುಂದೆ ಹೋಗಲಿಲ್ಲ. ಮನೆಮಂದಿಯೆಲ್ಲ ಕೂರುವ ಕಾರು. ನಾಳೆ ಏನಾದರೂ ಆದರೆ? ವಾಪಸ್ ಬಂದು ಯಾರಿಗೂ ಕಾಣದ ಜಾಗ ಹುಡುಕಿದೆ. ಗಾಲಿಯ ಹಿಂದೆ ಕೈ ಹಾಕಿದಾಗ ಒಂದು ಪೈಪು ಸಿಕ್ಕಿತು. ಗಟ್ಟಿಯಾಗಿ ಬಿಗಿದೆ. "ಒಳಗ ಕಟ್ಟೇನಿ" ಎಂದು ಅವ್ವನಿಗೆ ಹೇಳಿದೆ. ಅದು ಯಾವ ಪೈಪು ಎಂದು ಕೇಳಿಕೊಳ್ಳಲಿಲ್ಲ. ಅವ್ವ ಕೂರುವ ಸೀಟಿನ ಮುಂದಿನ ಗಾಲಿಯೇ ಅದು.

ಎಲ್ಲವನ್ನೂ ಖಾದರಸಾಬನಿಗೆ ಹೇಳಿದೆ. ನಗುತ್ತಾನೆ ಎಂದುಕೊಂಡೆ. ನಗಲಿಲ್ಲ.

"ಮುಂದ ಕಟ್ಟಿದ್ರ ಏನೂ ಆಗ್ತಿರಲಿಲ್ರಿ ಸರ. ಕಸದಾಗ ಒಗದಿದ್ರೂ ಏನೂ ಆಗ್ತಿರಲಿಲ್ಲ." ತಂತಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. "ಇನ್ನೊಂದ ಸಲ ಜೋರ ಒತ್ತಿದ್ರ ಪೈಪು ಪೂರಾ ಹರೀತಿತ್ತು."

ಖಾದರಸಾಬ ಹೊಸ ಪೈಪು ಹಾಕಿ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಸಂಜೆ ಅವ್ವ ಶೋಭಾಳ ಜೊತೆ ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬಂದಳು. ಚಪ್ಪಲಿ ಬಿಡುವ ಮೊದಲೇ ಹೇಳಿದಳು, "ನೋಡು, ನಾ ಕೊಟ್ಟಿದ್ದನ್ನ ಕಟ್ಟಿದ್ದಿ. ಅದಕ್ಕ ಉಳಕೊಂಡ್ವಿ."

"ಹೂಂ" ಎಂದೆ.

ಚೀಲದಿಂದ ಹೊಸದೊಂದನ್ನು ತೆಗೆದು ಕಾರಿನ ಕೀಲಿಯ ಪಕ್ಕದಲ್ಲಿಟ್ಟಳು. ಹಸಿ ಲಿಂಬೆ, ಹಸಿ ಮೆಣಸಿನಕಾಯಿ, ಅಂಥದೇ ತಂತಿ. ನಾಲ್ಕು ದಿನದಿಂದ ಅದು ಅಲ್ಲೇ ಇದೆ. ನಾನು ಕೀಲಿ ಮುಟ್ಟಿಲ್ಲ. ದಿನಾ ಬೆಳಿಗ್ಗೆ, ಶೋಭಾ ನೀರು ಹೊಡೆಯುವ ಮೊದಲು ಎದ್ದು, ಗಾಲಿಯ ಕೆಳಗೆ ಬಗ್ಗಿ ನೋಡುತ್ತೇನೆ. ಒಣಗಿರುತ್ತದೆ. ಆದರೂ ಕೈಯಿಂದ ಸವರಿ ನೋಡುತ್ತೇನೆ.

ಅವ್ವನಿಗೆ ಓದಲು ಬರುವುದಿಲ್ಲ. ಪ್ರತಿ ಭಾನುವಾರ ಚಹಾ ಕುಡಿಯುತ್ತ ಶೋಭಾಳಿಂದ ನನ್ನ ಅಂಕಣವನ್ನು ಒಂದಕ್ಷರ ಬಿಡದೆ ಓದಿಸಿ ಕೇಳುತ್ತಾಳೆ.

ಇವತ್ತಿನ ಈ ಪೇಪರನ್ನು ನಾನು ಎಲ್ಲಿ ಬಚ್ಚಿಡಲಿ?