ಆಯಿಗೆ ಓದಿ ಹೇಳಿದ ಮೊದಲ ಕತೆ

ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ ಎಲ್ಲಿಯಾದರೂ ಮೂಗಿಗೆ ಬಂದರೆ ನಾನು ಬೆಟಗೇರಿಯ ನಮ್ಮ ಹಳೆಯ ಮನೆಯಲ್ಲಿ ನಿಂತಿರುತ್ತೇನೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ನೇಯುವ ಅಪ್ಪ, ಪಕ್ಕದಲ್ಲಿ ರಾಟಿ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುವ ಆಯಿ, ಅಂದರೆ ಅಪ್ಪನ ತಾಯಿ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಸದ್ದು ನಿಂತರೆ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದೆವು. ಆ ಮನೆಗೆ ಮೌನದ ರೂಢಿಯೇ ಇರಲಿಲ್ಲ.

ಎಪ್ಪತ್ತರ ದಶಕದ ಮಾತು. ನಾನು ಶಾಲೆ ಸೇರಿ ಎರಡನೆಯ ವರ್ಷ. ಅಕ್ಷರಮಾಲೆಯನ್ನು ಭಜನೆಯ ಹಾಗೆ ಹಾಡುತ್ತಿದ್ದೆ. ನಡುವಿನ ಒಂದು ಅಕ್ಷರ ತೋರಿಸಿ ಇದೇನು ಎಂದರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಓಣಿಯ ನೇಕಾರರ ಮಕ್ಕಳೆಲ್ಲ ಹಾಗೇ. ಯಾರ ಮನೆಯಲ್ಲೂ ಪುಸ್ತಕವಿರಲಿಲ್ಲ. "ಓದಾಕ ಬರದಿದ್ರ ಸುಮ್ನ ಯಾಕ ಹೋಗೂದು? ಆಯಿ ಕೈ ಸೋತಾವು. ದೀಪಾವಳಿ ಆದಮ್ಯಾಲ ಇಕಿ ಕಂಡಿಕಿ ಸುತ್ಲಿ," ಎಂದ ಅಪ್ಪ. ಅವ್ವ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದಳು.

ಅದೇ ವರ್ಷ ನಮ್ಮ ಪಡಸಾಲೆಯ ಕೋಣೆಗೆ ಬಾಡಿಗೆಗೆ ಬಂದವರು ಸುಶೀಲಾ ಅಕ್ಕೋರು. ಲಕ್ಷ್ಮೇಶ್ವರದ ಪೂಜೆಯ ಮನೆತನದವರು, ನಮ್ಮ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿ. ಸಂಜೆಯಾದರೆ ಓಣಿಯ ಮಕ್ಕಳನ್ನೆಲ್ಲ ನಮ್ಮ ಮನೆಯ ಕಟ್ಟೆಯ ಮೇಲೆ ಕೂಡಿಸಿಕೊಳ್ಳುತ್ತಿದ್ದರು. ಮೊದಲು ಕಿವಿಯ ಆಟ.

"ಲಾಳಿ ಅನ್ರಿ. ಮೊದ್ಲ ಏನ್ ಕೇಳಸ್ತದ?"

"ಲಾ!"

ಆ ದನಿಯ ಅಕ್ಷರವನ್ನು ಸೀಮೆಸುಣ್ಣದಿಂದ ಕಲ್ಲಿನ ಮೇಲೆ ಬರೆಯುವರು. ದೀರ್ಘ ತೆಗೆದು ಕೊಂಬು ಕೊಟ್ಟರೆ ಅದೇ ಅಕ್ಷರ ಲು ಎನ್ನುತ್ತಿತ್ತು. ನಮಗೆ ಅದೊಂದು ಕಣ್ಕಟ್ಟು. ಆಮೇಲೆ ಕತೆಯ ಪುಸ್ತಕ. ಅದನ್ನು ಮಡಿಲಲ್ಲಿ ಬಿಚ್ಚಿಟ್ಟು, ಸಾಲಿನ ಕೆಳಗೆ ಬೆರಳಾಡಿಸುತ್ತ ಓದುವರು. ಬೆರಳು ತಟ್ಟನೆ ನಿಂತಲ್ಲಿ ಆ ಶಬ್ದವನ್ನು ನಾವು ಬಿಡಿಸಿ, ಕೂಡಿಸಿ ಓದಬೇಕು. ಒಬ್ಬರ ಹೆಗಲ ಮೇಲೊಬ್ಬರು ಗದ್ದ ಊರಿ ಬಾಗುತ್ತಿದ್ದೆವು.

ದೀಪಾವಳಿ ಹತ್ತಿರವಾಯಿತು. ಅಪ್ಪನ ಮುಂದೆ ಒಂದು ಕತೆಯನ್ನು ಗಡಗಡ ಓದಿದೆ. ಅವನ ಮುಖ ಅರಳಲಿಲ್ಲ. "ದಿನಾ ಸಂಜಿಕೆ ಇದನ್ನ ಕೇಳೇನಿ. ನನಗೂ ಬಾಯಿಪಾಠ ಆಗೇತಿ."

ಮಕ್ಕಳೊಂದಿಗೆ ಬಾಗಿಲಲ್ಲಿ ನಿಂತಿದ್ದ ಅಕ್ಕೋರು ಬೇಸರಿಸಲಿಲ್ಲ. ತಮ್ಮ ಕೋಣೆಗೆ ಹೋಗಿ, ನಾವು ಯಾರೂ ಕಂಡಿರದ ಪುಸ್ತಕವೊಂದನ್ನು ತಂದು ನನ್ನ ಕೈಗಿಟ್ಟರು. "ಗಡಬಡಿ ಮಾಡಬ್ಯಾಡ ಶಾಂತಾ. ದನಿ ಕೂಡಿಸ್ಕೋತ ಹೋಗು."

ಪುಸ್ತಕ ಬಿಚ್ಚಿದೆ. "ಒಂದು ಹೊಂಡ. ಹೊಂಡದಲ್ಲಿ ಒಂದು..." ಮುಂದೆ ಒತ್ತಕ್ಷರ. ಪುಟದ ಮೇಲಿನ ಚಿತ್ರ ನೋಡದೆ ಅಕ್ಷರಕ್ಕೇ ಬೆರಳು ಒತ್ತಿದೆ. "ಕ... ಪ್ಪೆ. ಕಪ್ಪೆ!"

ಆಯಿ ರಾಟಿ ಬಿಟ್ಟು ನಕ್ಕಳು. "ಕಪ್ಪಿ ಅನ್ನ ನಮ್ಮವ್ವಾ!"

ಅಪ್ಪನ ಲಾಳಿ ನಿಂತಿತು. "ತಡಿಯವ್ವಾ. ನಮ್ಮ ಮನ್ಯಾಗ ಯಾರ್ ಕಪ್ಪೆ ಅಂತಾರ? ಚಿತ್ರಾ ನೋಡಿ ಹೇಳಿದ್ರ ಇಕೀನೂ ಕಪ್ಪಿ ಅಂತಿದ್ಲು. ಖರೇನ ಓದ್ಯಾಳ. ಅಕ್ಷರಾ ನೋಡಿ ಓದ್ಯಾಳ!"

ಬಾಗಿಲಲ್ಲಿ ತುಂಬಿದ್ದ ಮಕ್ಕಳು ಹೋ ಎಂದು ಕೂಗಿದರು. ಅಪ್ಪ ಕುಣಿಯಿಂದೆದ್ದು ಬಂದು ನನ್ನ ಎದುರಿಗೆ ಕುಳಿತ. "ಮುಂದ ಓದು." ತೊದಲಿ, ನಿಂತು, ಮತ್ತೆ ಹಿಡಿದು ಕೊನೆಯ ಸಾಲಿನವರೆಗೂ ಓದಿದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಿದ್ದಳು. ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಕಂಡಿಕಿ ನಾ ಸುತ್ತತೀನಿ, ನನಗೇನಾಗೇತಿ? ನೀ ಸಾಲಿಗೆ ಹೋಗು," ಎಂದಳು ಆಯಿ. ಅಪ್ಪ ತಲೆಯಾಡಿಸಿದ. ನನ್ನಷ್ಟು ದೊಡ್ಡವರು ಅಂದು ಬೆಟಗೇರಿಯಲ್ಲಿ ಯಾರೂ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಕಟ್ಟೆಯ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹಾಗೇ ಓದತೊಡಗಿದ್ದರು.

ಮುಂದೆ ಅಕ್ಕೋರಿಗೆ ಮುಂಡರಗಿಗೆ ವರ್ಗವಾಯಿತು. ಪುಸ್ತಕಗಳನ್ನು ನಮಗೇ ಬಿಟ್ಟು ಹೋದರು. ಈಗ ಅವರಿಲ್ಲ, ಅಪ್ಪ ಅವ್ವ ಇಲ್ಲ, ಆ ಮನೆಯೂ ಇಲ್ಲ. ನಿಮ್ಮ ಮೊದಲ ಓದಿಗೂ ಯಾರಾದರೂ ಹೀಗೆ ಕಿವಿಗೊಟ್ಟು ಕುಳಿತಿರಬಹುದು. ನನ್ನ ಆಯಿ ತನ್ನ ಕೊನೆಗಾಲದವರೆಗೂ ನನ್ನ ಓದು ಕೇಳಿದಳು. ಕತೆ ಮುಗಿದರೂ ಏಳದೆ, "ಇನ್ನೊಂದ ಐತೇನವಾ?" ಎನ್ನುವಳು. ಈಗ ನನ್ನ ಮನೆಯ ತುಂಬ ಪುಸ್ತಕಗಳಿವೆ. ಇನ್ನೊಂದು ಬೇಕೆಂದು ಕೇಳುವ ಆಯಿ ಇಲ್ಲ.